ಮೂರು ಬಣ್ಣದ ಸಂಕ

ಶಶಿಪ್ರಭಾಳ ಮುಖಕ್ಕಿಂತ ಅವಳ ದನಿಯೇ ಊರಿಗೆ ಹೆಚ್ಚು ಪರಿಚಯ. ಬೆಳ್ತಂಗಡಿ ಸಂತೆಯಲ್ಲಿ ಬೆನ್ನು ಹಾಕಿ ನಿಂತು "ಬದನೆ ಹೇಗೆ?" ಎಂದು ಕೇಳಿದರೂ ಸಾಕು, ಆಚೆ ಈಚೆಯವರು "ಓ, ಮೈಕ್ ಶಶಿಯಕ್ಕ" ಎಂದು ತಿರುಗಿ ನೋಡುತ್ತಿದ್ದರು. ವಾಲಿಬಾಲ್ ಪಂದ್ಯವಿರಲಿ, ಮದುವೆಯ ಸಭೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಕಾರ್ಯಕ್ರಮ ನಿರೂಪಣೆಗೆ ಅವಳೇ ಆಗಬೇಕು. ಹುಟ್ಟಿದ್ದು ಮೂಡುಬಿದಿರೆಯ ಹತ್ತಿರ. ಹೈಸ್ಕೂಲಿನಲ್ಲಿದ್ದಾಗ ಒಂದು ಕ್ರೀಡಾಕೂಟದ ದಿನ ಘೋಷಣೆ ಮಾಡುವವರ ಗಂಟಲು ಕಟ್ಟಿಹೋಗಿ, ಡ್ರಿಲ್ ಮಾಸ್ತರರು ಎದುರಿಗೆ ಸಿಕ್ಕಿದ ಹುಡುಗಿಯ ಕೈಗೆ ಮೈಕ್ ಕೊಟ್ಟಿದ್ದರು. ಸಂಜೆ ಬಹುಮಾನ ಹಂಚಿ ಮುಗಿಯುವವರೆಗೂ ಅವಳು ಅದನ್ನು ವಾಪಸು ಕೊಡಲಿಲ್ಲ.

ಮದುವೆಯಾಗಿ ಬಂದದ್ದು ಬೆಳ್ತಂಗಡಿ ಪಕ್ಕದ ಲಾಯಿಲಕ್ಕೆ. ಗಂಡ ಧನರಾಜ್ ಬಹಳ ವರ್ಷ ಮಸ್ಕತ್ತಿನಲ್ಲಿ ಅಡುಗೆ ಕೆಲಸ ಮಾಡಿ, ಊರಿಗೆ ಮರಳಿ, ರಸ್ತೆ ಬದಿಯಲ್ಲಿ ಸಣ್ಣದೊಂದು ಹೋಟೆಲು ಇಟ್ಟವನು. "ನನ್ನ ಹೋಟೆಲಿಗೆ ಬೋರ್ಡು ಬೇಡ. ಹೆಂಡತಿ ಒಂದು ಸಲ ನನ್ನನ್ನು ಕರೆದರೆ ಉಜಿರೆಯವರೆಗೆ ಕೇಳ್ತದೆ" ಎಂದು ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದ.

ಅವಳನ್ನು ಪತ್ರಿಕೆಗೆ ಎಳೆದವರು ಅಬ್ದುಲ್ ರಹಿಮಾನ್. ಬಿ.ಸಿ.ರೋಡಿನಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಿಂದ 'ತಾಲೂಕು ದನಿ' ಎಂಬ ವಾರಪತ್ರಿಕೆ ಹೊರಡಿಸುತ್ತಿದ್ದ ಹಿರಿಯರು. ಕೋಣೆಗೆ ಸದಾ ಬನ್ನಿನ ಪರಿಮಳ. ಗ್ರಂಥಾಲಯದ ಒಂದು ಸಮಾರಂಭದಲ್ಲಿ ಅವಳ ನಿರೂಪಣೆ ಕೇಳಿ, ಮುಗಿದ ಮೇಲೆ ಹತ್ತಿರ ಬಂದು ಹೇಳಿದರು: "ಬೇರೆಯವರು ಬರೆದು ಕೊಟ್ಟದ್ದನ್ನು ಇಷ್ಟು ಚಂದ ಓದ್ತೀರಿ. ನೀವೇ ಕಂಡದ್ದನ್ನು ಬರೆದರೆ ಹೇಗೆ?"

ಹೇಗೆ ಎಂದು ನೋಡಲು ಅವಳು ಬರೆದಳು. ಮೊದಲ ವರದಿ, ಬಸ್ ಸ್ಟ್ಯಾಂಡಿನ ಮುರಿದ ನಳ್ಳಿಯ ಬಗ್ಗೆ, "ಆತ್ಮೀಯ ಬಂಧುಗಳೇ" ಎಂದು ಶುರುವಾಗಿತ್ತು. ರಹಿಮಾನ್ ಕೆಂಪು ಪೆನ್ನು ಎಳೆದು, "ಇದು ಪತ್ರಿಕೆ ಮಾರಾಯ್ತಿ, ಮದುವೆ ಮಂಟಪ ಅಲ್ಲ" ಎಂದರು. ಇನ್ನೊಂದು ಮಾತನ್ನೂ ಅವರು ಮೊದಲ ದಿನವೇ ಹೇಳಿದ್ದರು. "ಕಂಡದ್ದು ಬೇರೆ, ಕೇಳಿದ್ದು ಬೇರೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಬೇಡ."

ವರದಿಗಾರ್ತಿಯಾಗಿ ಅವಳಿಗೆ ಒಂದೇ ಒಂದು ಕೊರತೆ. ಗುಟ್ಟಾಗಿ ಏನನ್ನೂ ಪತ್ತೆ ಮಾಡಲು ಆಗುತ್ತಿರಲಿಲ್ಲ. ರೇಷನ್ ಅಂಗಡಿಯೊಂದರ ತೂಕದ ಬಗ್ಗೆ ದೂರು ಬಂದಾಗ, ತಲೆಗೆ ಸೆರಗು ಹೊದ್ದು, ಮುಖಕ್ಕೆ ಮಾಸ್ಕ್ ಹಾಕಿ ಸಾಲಿನಲ್ಲಿ ನಿಂತಳು. ಚೀಲ ಚಾಚಿ "ಅಕ್ಕಿ" ಎಂದಳು, ಅಷ್ಟೆ. ಅಂಗಡಿಯವನು ಒಳಗಿಂದ ಕುರ್ಚಿ ತಂದಿಟ್ಟು, "ಕೂತ್ಕೊಳ್ಳಿ ಶಶಿಯಕ್ಕ, ನೀವು ಯಾಕೆ ನಿಲ್ಲುದು?" ಎಂದ. ಆ ದಿನ ಅವಳಿಗೆ ಸಿಕ್ಕಿದ ಅಕ್ಕಿಯ ತೂಕ ಮಾತ್ರ ಸರಿಯಾಗಿತ್ತು. ಅಡಗಿ ನೋಡುವುದು ತನ್ನ ಜಾತಕದಲ್ಲಿ ಬರೆದಿಲ್ಲ, ಎದುರು ನಿಂತು ಕೇಳುವುದೇ ಸರಿ ಎಂದು ಅಂದಿನಿಂದ ನಿಶ್ಚಯಿಸಿದಳು.

ಕಳೆದ ವರ್ಷದ ಬೇಸಗೆಯಲ್ಲಿ ಕೊಡಂಗೆಬೈಲು ಪಂಚಾಯತಿನಿಂದ ಅವಳಿಗೆ ಕರೆ ಬಂತು. ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಗುಡ್ಡಗಾಡಿನ ಊರು ಅದು. ಹಳ್ಳ ದಾಟಲು ಅಲ್ಲಿಯ ಮೂರು ಸಣ್ಣ ಊರುಗಳಿಗೆ ಒಂದೊಂದು ಕಾಲುಸೇತುವೆ, ಊರವರ ಮಾತಿನಲ್ಲಿ ಸಂಕ, ಕಟ್ಟಿ ಮುಗಿದಿದೆ, ಉದ್ಘಾಟನೆಯ ನಿರೂಪಣೆ ನೀವೇ ಮಾಡಬೇಕು ಎಂದರು ಗುತ್ತಿಗೆದಾರ ಮುಂಡಪ್ಪ. ಒಳ್ಳೆಯ ಆಸ್ತಿವಂತರ ಮನೆಯವರು. ಮೃದು ಮಾತು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಯಾರ ಮನೆಯ ಮದುವೆಗಾದರೂ ಮೊದಲು ಬಂದು ಕೊನೆಗೆ ಹೋಗುವವರು.

ಉದ್ಘಾಟನೆ ಹಳ್ಳದ ಬದಿಯಲ್ಲಿ ನಡೆಯಲಿಲ್ಲ. ಬಿಸಿಲು ಜೋರು, ಅತಿಥಿಗಳಿಗೆ ನಡೆಯಲು ಕಷ್ಟ ಎಂದು ಪಂಚಾಯತ್ ಸಭಾಭವನದಲ್ಲೇ ಪರದೆ ಕಟ್ಟಿದ್ದರು. ಅತಿಥಿಗಳು ಒಂದು ಗುಂಡಿ ಒತ್ತಿದರೆ ಪರದೆಯಲ್ಲಿ ಸಂಕದ ಚಿತ್ರ ಮೂಡುತ್ತಿತ್ತು. "ಇದೀಗ ಪಾಲ್ದಡ್ಕದ ಜನತೆಯ ಬಹುಕಾಲದ ಕನಸು ನನಸಾಗುತ್ತಿದೆ" ಎಂದು ಶಶಿಪ್ರಭಾ ಹೇಳಿದಳು. ಹಸಿರು ಕಂಬಿಯ ಸಂಕ ಬಂತು, ಚಪ್ಪಾಳೆ. ನೀರಪಲ್ಕೆಗೆ ನೀಲಿ, ಕಾಯರಬೆಟ್ಟಿಗೆ ಹಳದಿ. ಸಭಾಭವನದ ಹೊರಗೆ ಅದೇ ಮೂರು ಚಿತ್ರಗಳ ದೊಡ್ಡ ಫ್ಲೆಕ್ಸ್ ತೂಗುತ್ತಿತ್ತು, ಮಧ್ಯದಲ್ಲಿ ಮುಂಡಪ್ಪನವರ ಕೈಮುಗಿದ ಚಿತ್ರ.

ಊಟದ ಹೊತ್ತಿಗೆ ಒಬ್ಬಾಕೆ ಬಟ್ಟಲು ಹಿಡಿದುಕೊಂಡು ಅವಳ ಪಕ್ಕ ಬಂದು ಕೂತಳು. ಹೆಸರು ಕುಸುಮ, ಪಾಲ್ದಡ್ಕದವಳು, ಎರಡು ದನ ಸಾಕಿ ಡೈರಿಗೆ ಹಾಲು ಹಾಕುವವಳು.

"ಶಶಿಯಕ್ಕ, ಒಂದು ಕೇಳುವ ಅಂತ. ನೀವೀಗ ಹೇಳಿದ್ರಲ್ಲ, ನಮ್ಮ ಪಾಲ್ದಡ್ಕದ ಸಂಕ, ಅದು ಎಲ್ಲಿ ಉಂಟು?"

"ಎಲ್ಲಿ ಅಂದ್ರೆ? ನಿಮ್ಮ ಹಳ್ಳದ ಮೇಲೆ."

"ನಾನು ಬೆಳಿಗ್ಗೆ ಹಾಲು ತಕೊಂಡು ಬಂದದ್ದು ಎರಡು ಅಡಿಕೆ ಮರದ ಮೇಲೆ ನಡೆದು. ನಾನು ಈ ಕಡೆ ಬಂದ ಮೇಲೆ ಕಟ್ಟಿದ್ರಾ ಅಂತ ಕೇಳಿದ್ದು."

ಶಶಿಪ್ರಭಾಳ ಬಾಯಲ್ಲಿದ್ದ ಹಪ್ಪಳ ಅಲ್ಲೇ ಮೆತ್ತಗಾಯಿತು. ಕುಸುಮಳ ಮುಖದಲ್ಲಿ ತಮಾಷೆಯೂ ಇತ್ತು, ತಮಾಷೆಯಲ್ಲದ್ದೂ ಇತ್ತು. ಬೇರೆ ಯಾರಾದರೂ ಹೇಳಿದ್ದರೆ ಊರವರು ಎರಡು ಸಲ ಯೋಚಿಸುತ್ತಿದ್ದರೇನೋ, ಮೈಕ್ ಶಶಿಯಕ್ಕ ಹೇಳಿದ್ದಾಳೆ ಎಂದರೆ ಮುಗಿಯಿತು, ಸಂಕ ಇದ್ದ ಹಾಗೆಯೇ ಲೆಕ್ಕ. ತನ್ನ ಗಂಟಲನ್ನು ಯಾರೋ ಬಾಡಿಗೆಗೆ ತಂದು ಸುಳ್ಳಿಗೆ ಬಣ್ಣ ಬಳಿಯಲು ಬಳಸಿದಂತೆ ಅವಳಿಗೆ ಅನಿಸಿತು. ಮುಂಡಪ್ಪನವರು ಪಾಯಸ ಬಡಿಸಲು ಬಂದಾಗ ಸಾಕು ಎಂದು ಕೈ ಅಡ್ಡ ಹಿಡಿದಳು. ಹೊರಡುವಾಗ ಫ್ಲೆಕ್ಸಿನ ಚಿತ್ರ ತನ್ನ ಮೊಬೈಲಿನಲ್ಲಿ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಕುಸುಮಳ ಜೊತೆ ಪಾಲ್ದಡ್ಕದ ಹಳ್ಳದ ಎದುರು ನಿಂತಿದ್ದಳು. ಹಳ್ಳದ ಮೇಲೆ ಎರಡು ಅಡಿಕೆ ಮರ, ಹಿಡಿಯಲು ಒಂದು ಕಾಡುಬಳ್ಳಿಯ ಬೀಳು. ಕುಸುಮ ಹಾಲಿನ ಕ್ಯಾನು ಹಿಡಿದುಕೊಂಡೇ ಮನೆಯ ಜಗಲಿಯಲ್ಲಿ ನಡೆದ ಹಾಗೆ ದಾಟಿಬಿಟ್ಟಳು. ಶಶಿಪ್ರಭಾ ದಪ್ಪ ಮೈಯವಳು. ಒಂದು ಹೆಜ್ಜೆ ಇಟ್ಟಳು, ಮರ ಜಗ್ಗಿತು. ಅಲ್ಲೇ ಕುದುರೆ ಏರಿದಂತೆ ಕೂತು, ಎರಡೂ ಕೈಯಲ್ಲಿ ಮರವನ್ನು ಅಪ್ಪಿ, ಇಂಚಿಂಚೇ ಸರಿಯತೊಡಗಿದಳು.

"ಶಶಿಯಕ್ಕ, ಒಂದು ಕೈ ಎತ್ತಿ, ಫೋಟೋ ತೆಗೀತೇನೆ" ಎಂದಳು ಕುಸುಮ ಆಚೆ ದಡದಿಂದ.

"ಪ್ರಾಣ ಬಿಟ್ಟೇನು, ಕೈ ಬಿಡ್ಲಿಕ್ಕಿಲ್ಲ."

ಕುಸುಮ ನಗುತ್ತಲೇ ಫೋಟೋ ತೆಗೆದಳು. ಶಶಿಪ್ರಭಾ ದಡ ಮುಟ್ಟಿದ ಮೇಲೆ ಮಾತ್ರ ಕುಸುಮಳ ನಗು ನಿಂತಿತು. ಮಳೆಗಾಲದಲ್ಲಿ ನೀರು ಮರದ ಮೇಲೆಯೇ ಹೋಗುತ್ತದೆ, ಹಾಲು ಮನೆಯಲ್ಲೇ ಉಳಿಯುತ್ತದೆ ಎಂದಳು. ಪಕ್ಕದ ಮನೆಯ ಮುದುಕಿ ರಾಜೀವಿಗೆ ಹೋದ ಮಳೆಗಾಲದಲ್ಲಿ ಜ್ವರ ಏರಿದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸುತ್ತಿನ ಗುಡ್ಡ ಹತ್ತಿಸಿ ಇಳಿಸಿ ಆಸ್ಪತ್ರೆಗೆ ಸೇರಿಸಬೇಕಾಯಿತಂತೆ. ಶಶಿಪ್ರಭಾ ರಾಜೀವಿಯ ಮನೆಗೂ ಹೋಗಿ ಅದನ್ನು ಅವರ ಬಾಯಿಂದಲೇ ಕೇಳಿದಳು.

ನೀರಪಲ್ಕೆಯಲ್ಲಿ ಅಡಿಕೆ ಮರವೂ ಇರಲಿಲ್ಲ. ಕಾಯರಬೆಟ್ಟಿನಲ್ಲಿ ಮಾತ್ರ ನಿಜವಾದ ಸಂಕವಿತ್ತು, ಗಟ್ಟಿಯಾದ, ಚಂದದ ಸಂಕ. ಅದರ ಆಚೆಗೆ ಮನೆಗಳಿರಲಿಲ್ಲ. ಮುಂಡಪ್ಪನವರ ಹೊಸ ಹೋಂಸ್ಟೇ ಏಳುತ್ತಿತ್ತು. ಕಾವಲಿಗೆ ಚನಿಯಪ್ಪ ಎಂಬ ಹಿರಿಯ ಇದ್ದ. ಶಶಿಪ್ರಭಾ "ನಾನು ಪತ್ರಿಕೆಗೆ ಬರೆಯುವವಳು, ಸಂಕ ನೋಡ್ಲಿಕ್ಕೆ ಬಂದದ್ದು" ಎನ್ನುವಷ್ಟರಲ್ಲೇ ಅವನ ಮುಖ ಅರಳಿತು.

"ನೀವು ಮೈಕ್ ಶಶಿಯಕ್ಕ ಅಲ್ವಾ? ನನ್ನ ತಂಗಿಯ ಮದುವೆಗೆ ನೀವೇ ಮಾತಾಡಿದ್ದು. ಬನ್ನಿ ಬನ್ನಿ."

ಅವನೇ ಮುಂದೆ ನಡೆದು ಸಂಕ ತೋರಿಸಿದ. ಈಚೆ ಬದಿಯ ಕಂಬಿಗೆ ಹಸಿರು ಬಣ್ಣ. ಆಚೆ ಬದಿಯ ಕಂಬಿಗೆ ನೀಲಿ. ದೂರದ ತುದಿಯಲ್ಲಿ ಎರಡೂ ಕಡೆ ಹಳದಿ. ನೀರಿಗೆ ಮೈ ಚಾಚಿ ಬಾಗಿದ ಒಂದು ಹೊನ್ನೆ ಮರ ಪಕ್ಕದಲ್ಲೇ ಇತ್ತು. ಶಶಿಪ್ರಭಾ ಮೊಬೈಲು ತೆಗೆದು ಫ್ಲೆಕ್ಸಿನ ಚಿತ್ರ ಹಿಗ್ಗಿಸಿದಳು. ಮೂರು ಸಂಕದ ಹಿಂದೆಯೂ ಅದೇ ಹೊನ್ನೆ ಮರ ಬಾಗಿಕೊಂಡು ನಿಂತಿತ್ತು.

"ಇದೆಂತ ಚನಿಯಪ್ಪಣ್ಣ, ಒಂದು ಸಂಕಕ್ಕೆ ಮೂರು ಬಣ್ಣ?"

"ನನಗೂ ಅದೇ ಆಶ್ಚರ್ಯ. ಈ ಕಡೆ ಬಳಿದ್ರು, ಫೋಟೋ ತೆಗೆದ್ರು. ಆ ಕಡೆ ಬಳಿದ್ರು, ಫೋಟೋ ತೆಗೆದ್ರು. ಮತ್ತೆ ತುದಿಗೆ ಹೋದ್ರು. ಮದುಮಗಳೂ ಒಂದು ದಿನಕ್ಕೆ ಇಷ್ಟು ಸೀರೆ ಬದಲಿಸ್ಲಿಕ್ಕಿಲ್ಲ ಮಾರಾಯ್ರೆ."

ಕುಸುಮ ಸಂಕದ ಮೇಲೆಯೇ ಕೂತು, ಹೊಟ್ಟೆ ಹಿಡಿದು ನಕ್ಕಳು. ಹೊರಡುವಾಗ ಚನಿಯಪ್ಪ, "ಪೇಪರಿನಲ್ಲಿ ನನ್ನ ಹೆಸರು ಸರಿಯಾಗಿ ಹಾಕಿ, ಫೋಟೋವೂ ಇರ್ಲಿ" ಎಂದು ನೆನಪಿಸಿದ.

ಬಿ.ಸಿ.ರೋಡಿನ ಕೋಣೆಯಲ್ಲಿ ರಹಿಮಾನ್ ಎಲ್ಲವನ್ನೂ ಕೇಳಿದರು, ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರು, ನಕ್ಕರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಸಂಕಕ್ಕೆ ಮೂರು ಬಣ್ಣ ಬಳಿಯುವುದು ಅಪರಾಧ ಅಲ್ಲ. ಮೂರು ಸಂಕ ಉಂಟು ಅಂತ ಹೇಳಿದವರನ್ನು ಕೇಳಿದ್ದೀಯಾ?"

"ಇಲ್ಲ ರಹಿಮಾನ್ ಕಾಕ."

"ಕೇಳು. ಮತ್ತೆ ಆ ಚನಿಯಪ್ಪನ ಹೆಸರು ಬೇಡ. ಅವನಿಗೆ ಆಸೆ ಇರಬಹುದು, ನಾಳೆ ಕೆಲಸ ಹೋದ್ರೆ ಅವನ ಒಲೆಗೆ ನಾವು ಬೆಂಕಿ ಹಾಕ್ಲಿಕ್ಕೆ ಹೋಗುವುದಿಲ್ಲ."

ಅವಳು ಅಲ್ಲಿಂದಲೇ ಕಾಮಗಾರಿಯ ಎಂಜಿನಿಯರಿಗೆ ಫೋನು ಮಾಡಿ, ತಾನು ಯಾರು, ಯಾಕೆ ಕೇಳುತ್ತಿದ್ದೇನೆ ಎಂದು ಹೇಳಿದಳು. ಮೂರೂ ಕಡೆ ತಾನೇ ಖುದ್ದು ಹೋಗಿ ಪರಿಶೀಲಿಸಿದ್ದೇನೆ ಎಂದರು ಅವರು, ಸ್ವಲ್ಪ ಗತ್ತಿನಲ್ಲೇ.

"ಪಾಲ್ದಡ್ಕದಲ್ಲಿ ಆಚೆ ದಡಕ್ಕೂ ಹೋಗಿದ್ರಾ ಸಾರ್?"

"ಹೋಗದೆ ಮತ್ತೆ? ಜೀಪಿನಲ್ಲೇ ಹೋಗಿದ್ದೆ. ಮನೆಗಳ ಅಂಗಳದವರೆಗೂ."

"ಕಾಲುಸಂಕದ ಮೇಲೆ ಜೀಪಾ ಸಾರ್?"

ಆ ಕಡೆಯಿಂದ ಎಂಜಿನಿಯರ ದನಿ ಸ್ಪಷ್ಟವಾಗಿ, ಒಂದಕ್ಷರವೂ ಕಡಿಯದೆ ಕೇಳಿಸಿತು: "ಹಲೋ, ಇಲ್ಲಿ ಸಿಗ್ನಲ್ ಸಿಗ್ತಾ ಇಲ್ಲ."

ಮುಂಡಪ್ಪನವರಿಗೆ ಫೋನು ಮಾಡಬೇಕಾಗಿ ಬರಲಿಲ್ಲ. ಮರುದಿನ ಅವರೇ ಲಾಯಿಲದ ಹೋಟೆಲಿಗೆ ಬಂದು, ಬಿಸಿ ಗೋಳಿಬಜೆ ಕೇಳಿ, ಮೂಲೆಯ ಮೇಜಿನಲ್ಲಿ ಕೂತರು. ಶಶಿಪ್ರಭಾ ಎದುರು ಬಂದು ನಿಂತಳು.

"ನೋಡು ಶಶಿ, ನೀನು ನನಗೆ ತಂಗಿ ಇದ್ದ ಹಾಗೆ. ನಮ್ಮ ಕುಟುಂಬದ ಮದುವೆಗಳು, ಸಂಘದ ಬೆಳ್ಳಿಹಬ್ಬ, ಇನ್ನು ಮುಂದೆ ಎಲ್ಲದಕ್ಕೂ ನಿನ್ನದೇ ಮೈಕ್."

"ವರದಿ ಬಂದ್ರೆ ಮುಂಡಪ್ಪಣ್ಣ?"

"ಬಂದ್ರೆ, ಮೈಕ್ ಹಿಡಿಯಲಿಕ್ಕೆ ಊರಿನಲ್ಲಿ ಬೇರೆಯವರೂ ಇದ್ದಾರೆ." ಆ ಮಾತನ್ನೂ ಅವರು ಮೃದುವಾಗಿಯೇ ಹೇಳಿದರು.

ಶಶಿಪ್ರಭಾ ಮೇಜಿನ ಅಂಚು ಹಿಡಿದುಕೊಂಡಳು. ದನಿ ಮಾತ್ರ ನಡುಗಲಿಲ್ಲ, ಅಷ್ಟು ವರ್ಷಗಳ ಅಭ್ಯಾಸ. "ಎರಡು ಸಂಕ ಯಾಕೆ ಕಟ್ಟಲಿಲ್ಲ ಅಂತ ನೀವು ಹೇಳಿ. ಹೇಳಿದ ಹಾಗೆಯೇ ಹಾಕ್ತೇವೆ, ಒಂದು ಶಬ್ದ ಬದಲಿಸುವುದಿಲ್ಲ."

ಮುಂಡಪ್ಪನವರು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿದರು. "ಫೋಟೋದವನ ತಪ್ಪು ಅಂತ ಹಾಕು" ಎಂದರು.

"ಇನ್ನೊಂದು ಪ್ಲೇಟು ತರ್ಲಾ?" ಎಂದು ಧನರಾಜ್ ಒಳಗಿಂದ ಬಗ್ಗಿ ಕೇಳಿದ. ಅವರು ಚಾ ಕುಡಿಯದೆ ಎದ್ದು ಹೋದರು.

ಆ ವಾರದ ಪತ್ರಿಕೆಯ ಮೊದಲ ಪುಟದಲ್ಲಿ 'ಮೂರು ಊರಿಗೆ ಒಂದೇ ಸಂಕ!' ಎಂಬ ತಲೆಬರಹ ಬಂತು. ಹೊನ್ನೆ ಮರದ ಸುತ್ತ ಬಿಳಿ ವೃತ್ತ ಹಾಕಿದ ಮೂರು ಚಿತ್ರಗಳು, ಎಂಜಿನಿಯರ ಜೀಪು, ಫೋಟೋದವನ ತಪ್ಪು, ರಾಜೀವಿಯ ಕುರ್ಚಿ, ಎಲ್ಲವೂ ಇದ್ದವು. ಜೊತೆಗೆ ಪುಟದ ನಡುವೆ, ಅಡಿಕೆ ಮರವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತ ಶಶಿಪ್ರಭಾಳ ದೊಡ್ಡ ಚಿತ್ರ. ಅದನ್ನು ಹಾಕಬೇಡಿ ಎಂದು ಅವಳು ಎಷ್ಟು ಹೇಳಿದರೂ ರಹಿಮಾನ್ ಕೇಳಿರಲಿಲ್ಲ. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು, "ಜಾಗ ಬಿಡಿ, ಅಕ್ಕನಿಗೆ ಹಿಡಿಯಲಿಕ್ಕೆ ಕಂಬ ಬೇಕು" ಎಂದ. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು.

ಪತ್ರಿಕೆ ಮಧ್ಯಾಹ್ನಕ್ಕೇ ಖಾಲಿ. ಮೊಬೈಲಿನಿಂದ ಮೊಬೈಲಿಗೆ ಹಾರಿದ ಚಿತ್ರ ಮಂಗಳೂರು ದಾಟಿ ದುಬಾಯಿಯನ್ನೂ ಮುಟ್ಟಿ ಬಂತು. ಭಾನುವಾರ ಬಂದರೆ ಕಾಯರಬೆಟ್ಟಿನ ಸಂಕದಲ್ಲಿ ಸೆಲ್ಫಿಗೆ ಸಾಲು. ಯಾವ ಬಣ್ಣದ ಎದುರು ಯಾರು ನಿಲ್ಲಬೇಕು ಎಂದು ಚನಿಯಪ್ಪನೇ ಹೇಳಿಕೊಡುತ್ತಿದ್ದ. ತನ್ನ ಹೆಸರು ಬರಲಿಲ್ಲ ಎಂಬ ಸಿಟ್ಟು ಮಾತ್ರ ಅವನಿಗೆ ಇಳಿದಿರಲಿಲ್ಲ. ಶಶಿಪ್ರಭಾ ಫೋನು ಮಾಡಿದರೆ "ಯಾರು ಮಾತಾಡುದು?" ಎಂದು ಬೇಕೆಂದೇ ಕೇಳುತ್ತಿದ್ದ.

ಮುಂಡಪ್ಪನವರೂ ತಮ್ಮ ಮಾತು ಉಳಿಸಿಕೊಂಡರು. ಒಪ್ಪಿಕೊಂಡಿದ್ದ ಮದುವೆಗಳು ಒಂದೊಂದಾಗಿ ತಪ್ಪಿಹೋದವು. ಮದುವೆಯ ಕಾಲದಲ್ಲಿ ಮನೆಯಲ್ಲಿ ಕೂತದ್ದು ಅವಳಿಗೆ ಅದೇ ಮೊದಲು. ಬೇರೆ ಯಾರೋ ಮೈಕಿನಲ್ಲಿ ವಧುವಿನ ಹೆಸರು ತಪ್ಪು ಹೇಳಿದರಂತೆ ಎಂದು ಕೇಳಿದಾಗ ಸಂತೋಷವೂ ಆಯಿತು, ಸರಿಯಾದ ಹೆಸರನ್ನು ಮನೆಯೊಳಗೇ ಒಮ್ಮೆ ಘೋಷಿಸಿಯೂ ನೋಡಿದಳು. "ನಾನು ಮಾಡಿದ್ದು ಸರಿಯಾ?" ಎಂದು ಒಂದು ಸಂಜೆ ಗಂಡನನ್ನು ಕೇಳಿದಳು.

ಧನರಾಜ್ ಹಿಟ್ಟು ಕಲಸುತ್ತಿದ್ದ. "ಮಸ್ಕತ್ತಿನಲ್ಲಿ ನಮ್ಮ ಮ್ಯಾನೇಜರ್ ಹಳಸಿದ ಮೀನಿಗೆ ಮಸಾಲೆ ಜಾಸ್ತಿ ಹಾಕ್ಲಿಕ್ಕೆ ಹೇಳ್ತಿದ್ದ. ನಾನು ಹಾಕ್ತಿದ್ದೆ, ಕೆಲಸ ಹೋಗ್ತದೆ ಅಂತ. ತಿನ್ನುವವರ ಮುಖ ನೋಡ್ಲಿಕ್ಕೆ ಮಾತ್ರ ಆಗ್ತಿರ್ಲಿಲ್ಲ. ನೀನು ಈಗ ಸಂತೆಗೆ ಹೋದ್ರೆ ಎಲ್ಲರ ಮುಖ ನೋಡ್ತೀ ಅಲ್ವಾ? ಸಾಕು. ಈರುಳ್ಳಿ ಕೊಯ್ದು ಕೊಡು."

ಮಳೆಗೆ ಇನ್ನೂ ಎರಡು ತಿಂಗಳಿರುವಾಗ ಕೊಡಂಗೆಬೈಲಿನಲ್ಲಿ ಗ್ರಾಮಸಭೆ ಕರೆದರು. ಎಂದೂ ತುಂಬದ ಸಭಾಭವನದ ಕಿಟಕಿಗಳಲ್ಲೂ ಜನ. ಮೇಲಿನಿಂದ ವಿಚಾರಣೆಗೆ ಬಂದ ಅಧಿಕಾರಿ ಬಯಲುಸೀಮೆಯವರು, ತುಳು ಬಾರದವರು. ಶಶಿಪ್ರಭಾಳನ್ನು ಕಂಡದ್ದೇ ಯಾರೋ ಅಭ್ಯಾಸಬಲದಿಂದ ಮೈಕ್ ತಂದು ಅವಳ ಕೈಗಿಟ್ಟರು. ಅವಳ ಬೆರಳುಗಳು ತಾವಾಗಿಯೇ ಅದನ್ನು ಸುತ್ತಿಕೊಂಡವು. ಪಕ್ಕದಲ್ಲಿದ್ದ ರಹಿಮಾನ್ ತಿರುಗಿಯೂ ನೋಡದೆ, "ಇವತ್ತು ನೀನು ಕಿವಿ, ಬಾಯಿ ಅಲ್ಲ" ಎಂದರು. ಅವಳು ಎದ್ದು ಹೋಗಿ ಮೈಕನ್ನು ಕುಸುಮಳಿಗೆ ಕೊಟ್ಟು ಬಂದಳು.

ಕುಸುಮ ಜೀವಮಾನದಲ್ಲಿ ಮೈಕ್ ಹಿಡಿದವಳಲ್ಲ. ಬಾಯಿಗೆ ತೀರಾ ಹತ್ತಿರ ಹಿಡಿದಳು, ಮೈಕ್ ಕೂಗಿತು. ದೂರ ಹಿಡಿದಳು, ಏನೂ ಕೇಳಿಸಲಿಲ್ಲ. ಕೆಳಗೆ ಕೂತ ಶಶಿಪ್ರಭಾ ತನ್ನ ಗಲ್ಲದ ಹತ್ತಿರ ಮುಷ್ಟಿ ಹಿಡಿದು ಅಳತೆ ತೋರಿಸಿದಳು. ಆಮೇಲೆ ಕುಸುಮ ತುಳುವಿನಲ್ಲಿ ಶುರು ಮಾಡಿದಳು. ಪಂಚಾಯತಿನ ಗುಮಾಸ್ತ ಎದ್ದು ಅಧಿಕಾರಿಗೆ ಕನ್ನಡದಲ್ಲಿ ಹೇಳಿದ: "ಸಂಕ ಇಲ್ಲದೆ ಸ್ವಲ್ಪ ತೊಂದರೆ ಆಗ್ತಾ ಉಂಟು ಅಂತ ಹೇಳ್ತಿದ್ದಾರೆ ಸಾರ್."

ತಪ್ಪು ತಿದ್ದಲು ಶಶಿಪ್ರಭಾ ಎದ್ದೇ ಬಿಡುವವಳಿದ್ದಳು. ಸೆರಗಿನ ತುದಿ ಕಚ್ಚಿ ಹಿಡಿದಳು. ಅಷ್ಟರಲ್ಲಿ ಕುಸುಮಳೇ ಗುಮಾಸ್ತನ ಕಡೆ ತಿರುಗಿದಳು. ಶಾಲೆಯಲ್ಲಿ ಕಲಿತ ಕನ್ನಡವನ್ನು ಒಂದೊಂದೇ ಶಬ್ದವಾಗಿ ಹೆಕ್ಕಿ ತೆಗೆದು ಹೇಳಿದಳು:

"ನಾನು ತೊಂದರೆ ಅಂತ ಹೇಳಿದ್ದಲ್ಲ. ಸುಳ್ಳು ಅಂತ ಹೇಳಿದ್ದು. ತೊಂದರೆ ನಮಗೆ ಅಭ್ಯಾಸ ಉಂಟು ಸಾರ್. ಸಂಕ ಇಲ್ಲದಿದ್ರೆ ಇಲ್ಲ ಅಂತ ಹೇಳಿ, ನಾವು ಇನ್ನೂ ಎರಡು ಅಡಿಕೆ ಮರ ಹಾಕ್ತೇವೆ. ಇಲ್ಲದ್ದನ್ನು ಉಂಟು ಅಂತ ಹೇಳಿದ್ರೆ, ಮತ್ತೆ ನಾವು ಕೇಳುವುದು ಯಾರ ಹತ್ರ?"

ಹಿಂದಿನ ಸಾಲಿನಲ್ಲಿ ಶುರುವಾದ ಚಪ್ಪಾಳೆ ಕಿಟಕಿಯ ಹೊರಗೂ ಹಬ್ಬಿತು. ಎಷ್ಟೋ ಸಭೆಗಳಲ್ಲಿ "ಜೋರಾದ ಚಪ್ಪಾಳೆ" ಎಂದು ಕೇಳಿ ಪಡೆದಿದ್ದ ಶಶಿಪ್ರಭಾಳಿಗೆ ಕೇಳದೆ ಬಂದ ಚಪ್ಪಾಳೆಯ ಸದ್ದೇ ಬೇರೆ ಎನಿಸಿತು. ಬರೆಯುವುದನ್ನು ಮರೆತು ಕೂತವಳನ್ನು ರಹಿಮಾನ್ ಮೊಣಕೈಯಿಂದ ತಿವಿದರು.

ಎಂಜಿನಿಯರು ಅಮಾನತಾದರು. ಮುಂಡಪ್ಪನವರ ಮೇಲೆ ಪ್ರಕರಣ ದಾಖಲಾಯಿತು, ಅದು ಇನ್ನೂ ನಡೆಯುತ್ತಿದೆ. ಸಂಕಗಳನ್ನು ಮಾತ್ರ ಪ್ರಕರಣ ಮುಗಿಯುವವರೆಗೆ ಕಾಯಿಸಲಿಲ್ಲ. ಬೇರೆ ಗುತ್ತಿಗೆದಾರರು ಬಂದು ಮಳೆ ಹಿಡಿಯುವ ಮೊದಲು ಪಾಲ್ದಡ್ಕದ್ದನ್ನು, ಮಳೆ ಬಿಟ್ಟ ಮೇಲೆ ನೀರಪಲ್ಕೆಯದ್ದನ್ನು ಕಟ್ಟಿದರು. ಆ ಗ್ರಾಮಸಭೆಯಲ್ಲೇ ಊರವರು ಇನ್ನೊಂದು ನಿರ್ಣಯ ಮಾಡಿದ್ದರು. ಇನ್ನು ಮುಂದೆ ಯಾವ ಕಾಮಗಾರಿಯೂ ಫೋಟೋ ನೋಡಿ ಮುಗಿಯುವುದಿಲ್ಲ. ಊರವರೆಲ್ಲ ಅದರ ಮೇಲೆಯೇ ಅಥವಾ ಅದರ ಎದುರೇ ಸಭೆ ಸೇರಿ, ಮುಟ್ಟಿ ನೋಡಿ, ಆಗಬಹುದು ಎಂದರೆ ಮಾತ್ರ ಮುಗಿದಂತೆ. ಜನ ಅದಕ್ಕೆ 'ಸಂಕಸಭೆ' ಎಂದು ಹೆಸರಿಟ್ಟರು. ಪಾಲ್ದಡ್ಕದ ಮೊದಲ ಸಂಕಸಭೆಯಲ್ಲಿ ರಾಜೀವಿ ಕೋಲಿನಿಂದ ಕಂಬಿ ಬಡಿದು, "ಇದು ನಿಮ್ಮಂಥ ಉದ್ದದವರಿಗೆ ಮಾಡಿದ್ದಾ? ನನ್ನ ಕೈಗೆ ಎಂತದು?" ಎಂದು ಹೊಸ ಎಂಜಿನಿಯರನ್ನು ಕೇಳಿದರು. ಕೆಳಗೆ ಇನ್ನೊಂದು ಕಂಬಿ ಬಂತು.

ಮೈಕಿನ ಕರೆಗಳೂ ನಿಧಾನಕ್ಕೆ ಮರಳಿದವು. ಕರೆಯುವವರು ಈಗ ಒಂದು ಮಾತು ಮೊದಲೇ ಹೇಳುತ್ತಾರೆ: "ಶಶಿಯಕ್ಕ, ನಮ್ಮಲ್ಲಿ ಎಲ್ಲ ನಿಜವಾಗಿ ಕಟ್ಟಿದ್ದೇವೆ, ಬೇಕಾದ್ರೆ ಬಂದು ನೋಡಿ." ಅವಳು ಹೋಗಿ ನೋಡಿಯೇ ಒಪ್ಪಿಕೊಳ್ಳುತ್ತಾಳೆ.

ಸಂಕಸಭೆಯ ಸುದ್ದಿ ಗುಡ್ಡ ಇಳಿದು ಊರೂರಿಗೂ ಹಬ್ಬಿತು. ಈಚೆಗೆ ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಕಟ್ಟಿ ಮುಗಿದಾಗ, ತಾಯಂದಿರು ಅದರ ಎದುರು ಚಾಪೆ ಹಾಸಿ ಸಭೆ ಕೂತರು. ವರದಿಗೆ ಶಶಿಪ್ರಭಾಳೂ ಹೋದಳು. ನಳ್ಳಿ ತಿರುಗಿಸಿ ನೋಡಿದರು, ನೀರು ಬಂತು. ಬಾಗಿಲಿನ ಚಿಲಕ ಗಟ್ಟಿ ಉಂಟಾ ಎಂದು ಒಬ್ಬಾಕೆ ಕೇಳಿದಳು. ಗಟ್ಟಿ ಇಲ್ಲದೆ ಏನು ಎಂದು ಗುತ್ತಿಗೆದಾರರು ತಾವೇ ಒಳಗೆ ಹೋಗಿ ಚಿಲಕ ಹಾಕಿ ತೋರಿಸಿದರು. ಹಾಕಿದ ಚಿಲಕ ಆಮೇಲೆ ತೆಗೆಯಲು ಬರಲಿಲ್ಲ. ಒಳಗಿಂದ ಅವರು ಬಡಿಯುವುದು, ಹೊರಗಿಂದ ತಾಯಂದಿರು "ಮೇಲೆ ಎತ್ತಿ ಎಳೀರಿ" ಎನ್ನುವುದು. ಕೊನೆಗೆ ಬಡಗಿ ಬಂದು ಬಿಡಿಸಿದ. ಬೆವರಿ ಹೊರಗೆ ಬಂದ ಗುತ್ತಿಗೆದಾರರಿಗೆ ಯಾರೋ ಚಾ ಕೊಟ್ಟರು. ಅವರು ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಎಲ್ಲ ಬಾಗಿಲುಗಳ ಚಿಲಕ ಬಿಚ್ಚಿ ಹೊಸದು ಹಾಕುವ ಕೆಲಸ ಶುರುವಾಗಿತ್ತು. ಚಾಪೆಯ ಮೇಲೆ ಕೂತು ವರದಿ ಬರೆಯುತ್ತಿದ್ದ ಶಶಿಪ್ರಭಾಳಿಗೆ ನಗು ತಡೆಯದೆ ಅಕ್ಷರಗಳು ಓರೆಯಾಗುತ್ತಿದ್ದವು.